ಸೀಸದ ಅಡಿಯ ಬಿರುಕು

ಮೈಸೂರಿನಿಂದ ಹುಣಸೂರಿನ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಇಲವಾಲವನ್ನು ಇಂದು ಊರೆನ್ನಬೇಕೋ ನಗರದ ಬಡಾವಣೆಯೆನ್ನಬೇಕೋ ತಿಳಿಯದು. 1957ರ ಸೆಪ್ಟೆಂಬರಿನಲ್ಲಿ ಆಚಾರ್ಯ ವಿನೋಬಾ ಭಾವೆಯವರ ಸಮ್ಮುಖದಲ್ಲಿ ಗ್ರಾಮದಾನ ಸಮ್ಮೇಳನ ನಡೆದದ್ದು ಇದೇ ಇಲವಾಲದಲ್ಲಿ; ಪ್ರಧಾನಿ ನೆಹರೂ ಅವರೂ ಅದರಲ್ಲಿ ಭಾಗವಹಿಸಿದ್ದರು. ಭೂಮಿಯ ಮೇಲಿನ ಒಡೆತನವನ್ನು ಬಿಡುವ ಮಾತು ನಡೆದ ನೆಲದಲ್ಲಿ ಈಗ ಹೆಜ್ಜೆಗೊಂದು ನಿವೇಶನದ ಕಲ್ಲು ನಿಂತಿದೆ. ಆದರೆ ಅದು ಬೇರೆಯೇ ಕತೆ. ಗೊಮ್ಮಟಗಿರಿಗೆ ಹೋಗುವ ಯಾತ್ರಿಕರಲ್ಲಿ ಅನೇಕರು ಈ ಊರನ್ನು ದಾಟಿಯೇ ಹೋಗುತ್ತಾರೆ. ಅವರಾರ ಕಣ್ಣಿಗೂ ಬೀಳದ ಒಂದು ಓಣಿಯ ಕೊನೆಯಲ್ಲಿ, ಹೆಂಚಿನ ಮನೆಯೊಂದರ ಹಿತ್ತಲಲ್ಲಿ, ಉತ್ತರಕ್ಕೆ ದೊಡ್ಡ ಕಿಟಕಿಯಿಟ್ಟ ಒಂದು ಕೊಟ್ಟಿಗೆಯಿದೆ. ಒಂದು ಕಾಲಕ್ಕೆ ಅಲ್ಲಿ ಹಸುಗಳಿದ್ದವು. ಈಗ ಬಣ್ಣದ ಗಾಜಿನ ಹಾಳೆಗಳು ಮರದ ಗೂಡುಗಳಲ್ಲಿ ನೆಟ್ಟಗೆ ನಿಂತಿವೆ.

ಅಲ್ಲಿ ಕೆಲಸ ಮಾಡುವ ಹಿರಿಯರಿಗೆ ತಮ್ಮ ಹೆಸರು ಅಚ್ಚಾಗುವುದು ಬೇಡ. ಊರಿನವರು ಅವರನ್ನು ಮೇಸ್ತ್ರಿಗಳೆಂದು ಕರೆಯುತ್ತಾರೆ. ಇಲ್ಲಿಯೂ ಅದೇ ಸಾಕು. ಹದಿನಾಲ್ಕನೆಯ ವಯಸ್ಸಿಗೆ ಮೈಸೂರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯೊಂದನ್ನು ಸೇರಿ ಗಾಜು ಕೊಯ್ಯುವುದನ್ನು ಕಲಿತವರು. ಮುಂದೆ ಹಳೆಯ ಬಂಗಲೆಯೊಂದರ ಬಣ್ಣದ ಕಿಟಕಿಗಳನ್ನು ದುರಸ್ತಿಗೊಳಿಸಲು ಹೊರಗಿನಿಂದ ಬಂದ ವೃದ್ಧ ಕೆಲಸಗಾರರೊಬ್ಬರ ಕೈಕೆಳಗೆ ಎರಡು ವರ್ಷವಿದ್ದು ಸೀಸದ ಕೆಲಸವನ್ನು ಅಭ್ಯಾಸ ಮಾಡಿದರು. ಅಂದಿನಿಂದ ಇದೇ ಅವರ ವೃತ್ತಿ.

ಮೈಸೂರಿನವರಿಗೆ ಬಣ್ಣದ ಗಾಜು ಎಂದೊಡನೆ ಅರಮನೆಯ ಕಲ್ಯಾಣಮಂಟಪ ನೆನಪಾಗುತ್ತದೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಹೊಸ ಅರಮನೆಯ ಹೊಣೆ ವಹಿಸಿದರು; 1912ರಲ್ಲಿ ಅದು ಪೂರ್ಣಗೊಂಡಿತು. ಅಷ್ಟಕೋನದ ಆ ಮಂಟಪದ ಮೇಲ್ಛಾವಣಿಯ ನವಿಲುಗಳನ್ನೂ ಹೂಬಳ್ಳಿಗಳನ್ನೂ ರೂಪಿಸಿದವರು ಮೈಸೂರಿನ ಕಲಾವಿದರು. ಅವು ಗಾಜಿಗೆ ಇಳಿದದ್ದು ದೂರದ ಗ್ಲಾಸ್ಗೋ ನಗರದಲ್ಲಿ. ಅದನ್ನು ಹೊತ್ತಿರುವ ಎರಕದ ಕಬ್ಬಿಣವೂ ಅಲ್ಲಿಯ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯದು. ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯ ಕಬ್ಬಿಣವೂ ಅದೇ ಮೂಲದ್ದು. ಮೇಸ್ತ್ರಿಗಳು ಬಾಲ್ಯದಲ್ಲಿ ದಸರೆಗೆ ಹೋದಾಗ ಎಲ್ಲರೂ ಸಿಂಹಾಸನ ನೋಡಲು ನೂಕಾಡುತ್ತಿದ್ದರೆ ತಾವು ಕತ್ತೆತ್ತಿ ನಿಂತು ತಂದೆಯಿಂದ ಬೈಸಿಕೊಂಡದ್ದನ್ನು ಈಗಲೂ ನಗುತ್ತ ಹೇಳುತ್ತಾರೆ. ಮೇಲಿನ ನವಿಲನ್ನು ಕಂಡವರು ಲಕ್ಷಾಂತರ ಮಂದಿ. ಆ ಗರಿಗಳ ನಡುವೆ ಹರಿದ ಕಪ್ಪು ಗೆರೆಗಳನ್ನು ಗಮನಿಸಿದವರು ಎಷ್ಟು ಮಂದಿಯೋ.

ಆ ಕಪ್ಪು ಗೆರೆಯೇ ಈ ಕಸುಬಿನ ಬೆನ್ನೆಲುಬು. ಬಣ್ಣದ ಕಿಟಕಿಯೆಂದರೆ ಒಂದೇ ಗಾಜಿನ ಮೇಲೆ ಬಿಡಿಸಿದ ಚಿತ್ರವಲ್ಲ. ಒಂದೊಂದು ಬಣ್ಣವೂ ಒಂದೊಂದು ತುಂಡು. ತುಂಡಿಗೂ ತುಂಡಿಗೂ ನಡುವೆ ಸೀಸದ ಪಟ್ಟಿ. ಆ ಪಟ್ಟಿಯನ್ನು ಅಡ್ಡಕೊಯ್ದು ನೋಡಿದರೆ ಇಂಗ್ಲಿಷಿನ ‘ಎಚ್’ ಅಕ್ಷರವನ್ನು ಮಲಗಿಸಿದಂತೆ ಕಾಣುತ್ತದೆ. ಎರಡು ಕಡೆಯ ತೋಡುಗಳಲ್ಲಿ ಗಾಜಿನ ಅಂಚುಗಳು ಕೂರುತ್ತವೆ. ಮೊದಲು ಕಿಟಕಿಯ ಅಳತೆಗೆ ಸರಿಯಾಗಿ ಕಾಗದದ ಮೇಲೆ ಪೂರ್ಣಚಿತ್ರ ಬರೆಯಬೇಕು. ಸೀಸ ಎಲ್ಲಿ ಹರಿಯುತ್ತದೆಂಬುದು ಆಗಲೇ ನಿರ್ಧಾರವಾಗಬೇಕು. ಅರಿಯದವರು ಚಿತ್ರವನ್ನು ಬರೆದು ಆಮೇಲೆ ಸೀಸಕ್ಕೆ ಜಾಗ ಹುಡುಕುತ್ತಾರೆ. ಬಲ್ಲವರು ಸೀಸದಿಂದಲೇ ಚಿತ್ರ ಬರೆಯುತ್ತಾರೆ. ಕಮಲದ ದಳದ ಅಂಚು, ಎಲೆಯ ನಡುನರ, ಇವೆಲ್ಲವೂ ಸೀಸವೇ.

ಗಾಜನ್ನು ಕೊಯ್ಯುವುದೆಂಬುದು ಆಡುಮಾತು. ವಾಸ್ತವವಾಗಿ ಸಣ್ಣ ಉಕ್ಕಿನ ಚಕ್ರ ಗಾಜಿನ ಮೇಲೆ ಕೂದಲೆಳೆಯಂಥ ಒಂದು ಗಾಯ ಮಾಡುತ್ತದೆ. ಕೈಯ ಒತ್ತಡಕ್ಕೆ ಗಾಜು ಆ ಗಾಯದ ಗುಂಟ ತಾನೇ ಬಿರಿಯುತ್ತದೆ. ಗೆರೆ ಎಳೆಯುವಾಗ ರೇಷ್ಮೆ ಹರಿದಂಥ ಸದ್ದು ಬರಬೇಕು. ಸದ್ದು ನಡುವೆ ನಿಂತಿತೆಂದರೆ ಗಾಜು ಅಲ್ಲಿ ತನ್ನಿಷ್ಟದ ದಾರಿ ಹಿಡಿಯುತ್ತದೆ. ಅದೇ ಗೆರೆಯ ಮೇಲೆ ಎರಡನೆಯ ಸಲ ಚಕ್ರ ಓಡಿಸುವಂತಿಲ್ಲ. ಒಳಬಾಗಿನ ಆಳವಾದ ತಿರುವುಗಳಿಗೆ ಗಾಜು ಒಪ್ಪುವುದೇ ಇಲ್ಲ. ಹಂತಹಂತವಾಗಿ, ಇಕ್ಕಳದಿಂದ ಕಚ್ಚಿ ಕಚ್ಚಿ, ಅದನ್ನು ಒಲಿಸಬೇಕು.

ಬಣ್ಣದ ವಿಷಯಕ್ಕೆ ಬಂದರೆ, ಒಳ್ಳೆಯ ಗಾಜಿನಲ್ಲಿ ಅದು ಮೈಮೇಲಿನ ಲೇಪವಲ್ಲ, ರಕ್ತದಲ್ಲೇ ಬೆರೆತದ್ದು. ಕರಗಿದ ಗಾಜಿಗೆ ಕೋಬಾಲ್ಟ್ ಬೆರೆತರೆ ನೀಲಿ, ಮ್ಯಾಂಗನೀಸಿನಿಂದ ನೇರಳೆ, ಕಬ್ಬಿಣದಿಂದ ಹಸುರು. ಚಿನ್ನದ ಲವಣದಿಂದ ಮಾಣಿಕ್ಯದ ಕೆಂಪು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಕುಶಲಿಗಳು ಬೆಳ್ಳಿಯ ಲವಣವನ್ನು ಗಾಜಿಗೆ ಬಳಿದು ಕುಲುಮೆಯಲ್ಲಿ ಕಾಯಿಸಿ ಹಳದಿಯನ್ನು ಪಡೆದರು. ಮುಖ, ಬೆರಳು, ಗರಿಯ ಎಳೆ ಮುಂತಾದ ಸೂಕ್ಷ್ಮ ಗೆರೆಗಳಿಗೆ ಕಬ್ಬಿಣದ ಭಸ್ಮ ಹಾಗೂ ನುಣ್ಣಗೆ ಅರೆದ ಗಾಜನ್ನು ಗೋಂದಿನ ನೀರಿನಲ್ಲಿ ಕಲಸಿ ಬರೆಯುತ್ತಾರೆ. ಸುಮಾರು 650 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಬರಹ ಗಾಜಿನ ಮೈಗೆ ಕರಗಿ ಸೇರುತ್ತದೆ. ಬಳಿಕ ಕುಲುಮೆ ರಾತ್ರಿಯಿಡೀ ತಾನಾಗಿ ತಣಿಯಬೇಕು. ಮುಚ್ಚಳ ತೆರೆಯುವ ಆತುರವೇ ಈ ಕಸುಬಿನಲ್ಲಿ ಅತ್ಯಂತ ದುಬಾರಿಯಾದ ದೋಷವೆಂದು ಮೇಸ್ತ್ರಿಗಳ ಅನುಭವ.

ಬಾಯಿಂದ ಊದಿ ಮಾಡಿದ ಗಾಜಿನ ಹಾಳೆಯಲ್ಲಿ ಒಂದು ಮತ್ತೊಂದರಂತಿರುವುದಿಲ್ಲ. ಒಂದೇ ಹಾಳೆಯ ಒಂದಂಚು ದಪ್ಪ, ಇನ್ನೊಂದು ತೆಳು. ನೀಲಿಯೂ ಅದಕ್ಕೆ ತಕ್ಕಂತೆ ಮೂಡುತ್ತ ಮುಳುಗುತ್ತ ಹೋಗುತ್ತದೆ. ಕೈಯಿಂದ ಗಾಜು ಮಾಡುವ ಈ ವಿದ್ಯೆಯನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರಾನ್ಸ್, ಜರ್ಮನಿ ಮೊದಲಾದ ಆರು ದೇಶಗಳು ಕೂಡಿ ಮಾಡಿದ ಮನವಿ ಅದು. ಇಲವಾಲದ ಕೊಟ್ಟಿಗೆಯಲ್ಲಿ ಅಂಥ ಹಾಳೆಗಳು ಇರುವುದು ಬೆರಳೆಣಿಕೆಯಷ್ಟೇ. ಹಳೆಯ ಮನೆಗಳ ಕಿಟಕಿ ಕೆಡವಿದಾಗ ಸಂಗ್ರಹಿಸಿದವು. ಉಳಿದದ್ದು ಯಂತ್ರದ ಗಾಜು.

ಕೆಲವು ವರ್ಷಗಳ ಹಿಂದೆ ಬಸದಿಯೊಂದರ ಟ್ರಸ್ಟಿನವರು ತಮ್ಮ ಸ್ವಾಧ್ಯಾಯ ಮಂದಿರಕ್ಕೆ ಎರಡು ಕಿಟಕಿಗಳನ್ನು ಮಾಡಿಸಬೇಕೆಂದು ಅವರಲ್ಲಿಗೆ ಬಂದರು. ಒಂದರಲ್ಲಿ ಕಮಲ, ಇನ್ನೊಂದರಲ್ಲಿ ಪೂರ್ಣಕುಂಭ. ಸಮಿತಿಯಲ್ಲಿ ಮೊದಲು ಎದ್ದ ಪ್ರಶ್ನೆಯೆಂದರೆ, ಬಣ್ಣದ ಗಾಜು ನಮ್ಮ ಪದ್ಧತಿಗೆ ಸಲ್ಲುತ್ತದೆಯೇ ಎಂಬುದು. ಸಲ್ಲದೆ ಏನು? ಕೋಲ್ಕತ್ತದಲ್ಲಿ ರಾಯ್ ಬದ್ರಿದಾಸರು 1867ರಲ್ಲಿ ಕಟ್ಟಿಸಿದ ಶೀತಲನಾಥ ಮಂದಿರವೇ ಬಣ್ಣದ ಗಾಜಿಗೂ ಕನ್ನಡಿಯ ಕುಸುರಿಗೂ ಹೆಸರಾದದ್ದು. ಇನ್ನು ಬೆಳಕನ್ನು ಚಿತ್ರದ ಮೂಲಕ ಸೋಸುವ ಕಲ್ಪನೆ ಕನ್ನಡ ನಾಡಿಗೆ ಹೊರಗಿನದೇನಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಭದ್ರಬಾಹು ಸ್ವಾಮಿಗಳ ಹಾಗೂ ಚಂದ್ರಗುಪ್ತನ ಜೀವನದ ದೃಶ್ಯಗಳು ಚೌಕ ಚೌಕವಾಗಿ ಬಿಡಿಸಲ್ಪಟ್ಟಿವೆ. ಅಲ್ಲಿ ದಾಸೋಜನೆಂಬ ಶಿಲ್ಪಿಯ ಹೆಸರೂ ಇದೆ. ಮೇಸ್ತ್ರಿಗಳು ಆ ಜಾಲಂಧ್ರಗಳನ್ನು ನೋಡಲೆಂದೇ ಒಂದು ದಿನ ಬೆಳಗೊಳಕ್ಕೆ ಹೋಗಿ, ಎರಡು ಕಲ್ಲಿನ ಚೌಕಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಬೆರಳಿನಲ್ಲಿ ಗುರುತಿಟ್ಟುಕೊಂಡು ಬಂದರು.

ಎರಡನೆಯ ಪ್ರಶ್ನೆ ಹಣದ್ದು. ಗಾಜಿನ ಮೇಲೆ ಅಂಟಿಸುವ ಅಚ್ಚಾದ ಹಾಳೆಗಳು ಈಗ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳ ಮೇಲೆ ಸೀಸದಂತೆ ಕಾಣುವ ಉಬ್ಬುಗೆರೆಯನ್ನೂ ಅಂಟಿಸಿ ಕೊಡುವವರಿದ್ದಾರೆ. ಖರ್ಚು ತೀರ ಕಡಿಮೆ. ‘ಹತ್ತು ಅಡಿ ದೂರ ನಿಂತರೆ ವ್ಯತ್ಯಾಸ ಯಾರಿಗೆ ತಿಳಿಯುತ್ತದೆ?’ ಎಂದು ಖಜಾಂಚಿಗಳು ಕೇಳಿದರು. ಅವರ ಪ್ರಶ್ನೆ ಅಲ್ಲಗಳೆಯುವಂಥದ್ದಲ್ಲ. ಟ್ರಸ್ಟಿನ ಹಣ ಹತ್ತು ಮನೆಗಳಿಂದ ಬಂದದ್ದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದೆಂಬುದನ್ನು ತತ್ತ್ವಾರ್ಥಸೂತ್ರ ಓದಿದವರೆಲ್ಲ ಬಲ್ಲರು. ಆದರೆ ಹಾಳೆಯನ್ನು ಹಾಳೆಯೆಂದೇ ಹೇಳಿ ಮಾರಿದರೆ ಅದರಲ್ಲಿ ಪ್ರತಿರೂಪಕವೇನೂ ಇಲ್ಲ. ದೋಷವಿರುವುದು ಹೆಸರಿನಲ್ಲಿ. ಮೇಸ್ತ್ರಿಗಳು ಸಹ ಹಾಗೆಯೇ ಅಂದರು: ‘ಹಣ ಸಾಲದಿದ್ದರೆ ಹಾಳೆ ಹಾಕಿಸಿ, ತಪ್ಪಿಲ್ಲ. ಆದರೆ ಕೈಗೆಲಸದ ಕಿಟಕಿಯೆಂದು ಫಲಕ ಬರೆಸಬೇಡಿ.’ ಕೊನೆಗೆ ಸಮಿತಿಯವರು ಕೈಗೆಲಸಕ್ಕೇ ಒಪ್ಪಿದರು.

ಮೂರನೆಯ ಪ್ರಶ್ನೆಯನ್ನು ಕೇಳಿದವರು ಸಮಿತಿಯ ಹಿರಿಯರಾದ ಯಜಮಾನರೊಬ್ಬರು. ಹೊರಗಿನ ಊಟಕ್ಕೆ ಕೂರುವ ಮುನ್ನ ಅಡಿಗೆಯವರನ್ನು ಕೇಳುವ ಧಾಟಿಯಲ್ಲೇ ಅವರು ಕೇಳಿದರು: ‘ಇದರಲ್ಲಿ ಏನೇನು ಬೀಳುತ್ತದೆ ಮೇಸ್ತ್ರಿಗಳೇ?’

ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಮಾತು. ಗಾಜು, ಸೀಸ, ತವರ ಎಂದು ಹೇಳುತ್ತ ಬಂದ ಮೇಸ್ತ್ರಿಗಳ ಮಾತು ಒಂದೆಡೆ ತಡವರಿಸಿತು. ಸೀಸದ ಪಟ್ಟಿಗಳು ಕೂಡುವಲ್ಲಿ ಬೆಸುಗೆ ಹಿಡಿಯಬೇಕಾದರೆ ಲೋಹದ ಮೇಲಿನ ಮಾಸಲನ್ನು ಕಳೆಯುವ ಒಂದು ಜಿಡ್ಡು ಬೇಕು. ಪಶ್ಚಿಮದ ಕಾರ್ಖಾನೆಗಳಲ್ಲಿ ಪರಂಪರೆಯಿಂದ ಇದಕ್ಕೆ ಬಳಸುತ್ತಿದ್ದುದು ಪ್ರಾಣಿಗಳ ಕೊಬ್ಬಿನಿಂದ ಮಾಡಿದ ಬತ್ತಿ. ಅವರ ಗುರುಗಳು ಕಲಿಸಿದ್ದೂ ಅದನ್ನೇ. ಬರೆದ ಬಣ್ಣವನ್ನು ನುಣುಪಾಗಿ ಹರಡುವ ಅಗಲವಾದ ಕುಂಚವಂತೂ ಬ್ಯಾಡ್ಜರ್ ಎಂಬ ಕಾಡುಪ್ರಾಣಿಯ ಕೂದಲಿನದು. ಬಣ್ಣ, ಬೆಳಕು ಎಂದು ಎಲ್ಲರೂ ಹೊಗಳುವ ಕಿಟಕಿಯ ಕೀಲುಕೀಲಿನಲ್ಲಿ ಇಂಥದೊಂದು ಅಡಗಿತ್ತು. ಅದನ್ನು ಮುಚ್ಚಿಡದೆ ಹೇಳಿದರು. ಯಜಮಾನರು ಕೋಪಿಸಿಕೊಳ್ಳಲಿಲ್ಲ. ‘ಬೇರೆ ದಾರಿ ಇದೆಯೇ, ನೋಡಿ’ ಎಂದಷ್ಟೇ ಹೇಳಿ ಹೋದರು.

ದಾರಿ ಇತ್ತು, ಸುಗಮವಾಗಿರಲಿಲ್ಲ. ಅಂಗಡಿಗಳಲ್ಲಿ ಸಿಗುವ ಓಲಿಯಿಕ್ ಆಮ್ಲ ಸಸ್ಯಜನ್ಯವೂ ಇರಬಹುದು, ಕೊಬ್ಬಿನಿಂದ ಬಂದದ್ದೂ ಇರಬಹುದು. ಮಾರುವವನಿಗೇ ಅದು ತಿಳಿಯದು. ಉಳಿದದ್ದು ಪೈನ್ ಮರದ ರಾಳ. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಬೆಸುಗೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕಂದುಬಣ್ಣದ ಅಂಟು ಉಳಿಯುತ್ತದೆ. ಕೀಲು ಕೀಲನ್ನೂ ಮತ್ತೆ ಒರೆಸಬೇಕು. ಅದಕ್ಕಿಂತ ಮಿಗಿಲಾಗಿ ಅದರ ಹೊಗೆ ಕೆಲಸಗಾರನ ಎದೆಗೆ ಒಳ್ಳೆಯದಲ್ಲ. ರಾಳದ ಹೊಗೆಯನ್ನು ನಿತ್ಯ ಸೇವಿಸಿದವರಿಗೆ ಉಬ್ಬಸ ಬರುವುದುಂಟೆಂದು ವೈದ್ಯಶಾಸ್ತ್ರ ಗುರುತಿಸಿದೆ. ಒಂದು ಜೀವಕ್ಕೆ ನೋವಾಗದಿರಲೆಂದು ಮಾಡಿದ್ದು ಇನ್ನೊಂದು ಜೀವದ ಉಸಿರಿಗೆ ಬಂತು. ಮೇಸ್ತ್ರಿಗಳು ಬೆಸುಗೆಯ ಮೇಜಿನ ಪಕ್ಕದಲ್ಲಿ ಹೊಗೆಯನ್ನು ಹೊರಗೆಳೆಯುವ ಫ್ಯಾನೊಂದನ್ನು ಕೂರಿಸಿ, ಬಾಯಿಗೆ ಮುಸುಕು ಕಟ್ಟಿ ರಾಳದಲ್ಲೇ ಕೆಲಸ ಮಾಡಿದರು. ಹೊಸ ಕುಂಚ ನೈಲಾನಿನದು. ಅದರ ಎಳೆ ಹಳೆಯದರಷ್ಟು ಮೃದುವಲ್ಲ, ಬಣ್ಣದಲ್ಲಿ ಸಣ್ಣ ಗೀರುಗಳು ಉಳಿಯುತ್ತವೆ. ಆ ಗೀರುಗಳು ಕಮಲದ ಎಲೆಗಳಿಗೆ ಒಪ್ಪಿದವೆಂಬುದು ಅದೃಷ್ಟವಷ್ಟೇ.

ಉಸಿರಿನ ಮಾತು ಬಂದದ್ದರಿಂದ ಸೀಸದ ಬಗೆಗೂ ಒಂದು ಮಾತು. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಹಳ ಕಾಲ ಮೇಸ್ತ್ರಿಗಳು ಕೊಟ್ಟಿಗೆಯಲ್ಲೇ ಕಾಫಿ ಕುಡಿಯುತ್ತಿದ್ದರು, ಅದೇ ಬಟ್ಟೆಯಲ್ಲಿ ಒಳಗೆ ಬಂದು ಊಟಕ್ಕೆ ಕೂರುತ್ತಿದ್ದರು. ಒಂದು ಬೇಸಗೆಯಲ್ಲಿ ಮಗಳ ಕೂಸು ಅಂಬೆಗಾಲಿಕ್ಕುತ್ತ ಹೋಗಿ ಹೊಸ್ತಿಲ ಬಳಿ ಬಿದ್ದಿದ್ದ ಮಿರುಗುವ ಸೀಸದ ಚೂರನ್ನು ಬಾಯಿಗಿಟ್ಟಿತು. ಅಜ್ಜಿ ಬೆರಳು ಹಾಕಿ ತೆಗೆದರು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಕೊಟ್ಟಿಗೆಗೂ ಮನೆಗೂ ನಡುವೆ ಒಂದು ನೀರಿನ ತೊಟ್ಟಿ, ಒಂದು ಸಾಬೂನು, ಬದಲಿಸುವ ಒಂದು ಜೊತೆ ಬಟ್ಟೆ ಬಂದವು. ನೆಲ ಗುಡಿಸುವುದು ನಿಂತಿತು, ಒದ್ದೆಬಟ್ಟೆಯಲ್ಲಿ ಒರೆಸುವುದು ಬಂತು.

ಇನ್ನು ಆ ಕಿಟಕಿಯ ಸಂಗತಿ. ಸೀಸ ಕರಗುವುದು 327 ಡಿಗ್ರಿಯಲ್ಲಿ. ತವರ, ಸೀಸ ಬೆರೆತ ಬೆಸುಗೆ 190ರ ಆಸುಪಾಸಿನಲ್ಲೇ ಕರಗುತ್ತದೆ. ಬೆಸುಗೆಯ ಕಬ್ಬಿಣ ಸ್ವಲ್ಪ ಹೆಚ್ಚು ಕಾದರೂ, ಕೈ ಒಂದು ಗಳಿಗೆ ಹೆಚ್ಚು ನಿಂತರೂ ಪಟ್ಟಿಯೇ ಕರಗಿ ತೂತಾಗುತ್ತದೆ. ಎರಡೂ ಕಿಟಕಿಗಳು ಈ ಗಂಡಾಂತರವನ್ನು ದಾಟಿದವು. ಉಳಿದದ್ದು ಕೊನೆಯ ಕೆಲಸ: ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ದೀಪದ ಮಸಿ ಕಲಸಿದ ಮೆತ್ತೆಯನ್ನು ಗಟ್ಟಿ ಬ್ರಶ್ಶಿನಿಂದ ಸೀಸದ ಅಡಿಗೆ ತಿಕ್ಕಿ ತುಂಬುವುದು. ಇದರಿಂದಲೇ ಕಿಟಕಿಗೆ ಬಿಗಿ ಬರುವುದು, ಮಳೆನೀರು ಒಳಬಾರದಿರುವುದು. ಕಮಲದ ಕಿಟಕಿಯನ್ನು ತಿಕ್ಕುತ್ತಿರುವಾಗ ಏನೋ ಚಿಟಿಕೆ ಹೊಡೆದಂತೆ ಕೇಳಿಸಿತು. ಆಗ ಏನೂ ಕಾಣಲಿಲ್ಲ. ಮರುದಿನ ಕಿಟಕಿಯನ್ನು ಎತ್ತಿ ಬೆಳಕಿಗೆ ಹಿಡಿದಾಗ ನೀಲಿ ದಳವೊಂದರ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಷ್ಟು ಬಿರುಕು.

ಆ ನೀಲಿ ಹಳೆಯ ಹಾಳೆಯ ಕೊನೆಯ ತುಂಡು. ಟ್ರಸ್ಟಿನ ಸಮಾರಂಭಕ್ಕೆ ಉಳಿದದ್ದು ಆರು ದಿನ. ಬಿರುಕಿನ ಮೇಲೆ ಎರಡೂ ಬದಿಗೆ ತೆಳುವಾದ ಸೀಸದ ಪಟ್ಟಿಯನ್ನಿಟ್ಟು, ತುದಿಗಳನ್ನು ಅಕ್ಕಪಕ್ಕದ ಸೀಸಕ್ಕೆ ಬೆಸೆಯುವುದು ಈ ಕಸುಬಿನಲ್ಲಿ ಹಳೆಯ ಉಪಾಯ. ನೂರಾರು ವರ್ಷದ ಕಿಟಕಿಗಳಲ್ಲಿ ಅಂಥ ಪಟ್ಟಿಗಳು ಎಷ್ಟೋ ಇವೆ. ಅವು ವಯಸ್ಸಿನ ಗುರುತು, ಯಾರೂ ತಪ್ಪೆನ್ನರು. ಹೊಸ ಕಿಟಕಿಯಲ್ಲಿ? ಮೇಸ್ತ್ರಿಗಳು ಪಟ್ಟಿಯನ್ನಿಟ್ಟು ನೋಡಿದರು. ದಳಕ್ಕೊಂದು ನರ ಬಂದಂತಾಯಿತು. ಚಿತ್ರ ಮೊದಲಿಗಿಂತ ಚೆನ್ನಾಗಿ ಕಂಡಿತು. ಕಷ್ಟವಾದದ್ದೇ ಅಲ್ಲಿ. ಬೆಸುಗೆ ಹಾಕಿ ಮುಗಿಸಿದರು.

ಸಂಜೆ ಕೈತೊಳೆದು ನಿಂತಾಗ ಮನೆಯಾಕೆ ಕೊಟ್ಟಿಗೆಯ ಬಾಗಿಲಲ್ಲಿ ಕಾಫಿ ಹಿಡಿದು ಬಂದರು. ಈಗ ಅವರೂ ಒಳಗೆ ಕಾಲಿಡುವುದಿಲ್ಲ. ಹಿಂದಿನ ದೀಪದ ಬೆಳಕಿನಲ್ಲಿ ಕಮಲವನ್ನು ನೋಡುತ್ತ, ‘ಇದೇನ್ರೀ, ಈ ಗೆರೆ ನಿನ್ನೆ ಇರಲಿಲ್ಲವಲ್ಲ?’ ಎಂದರು.

‘ಹೊಸದಾಗಿ ಹಾಕಿದೆ.’

‘ಚೆನ್ನಾಗಿದೆ’ ಎಂದು ಲೋಟ ಕೊಟ್ಟು ಹೋದರು. ಆ ‘ಚೆನ್ನಾಗಿದೆ’ ಎಂಬ ಮಾತು ಅವರನ್ನು ರಾತ್ರಿ ನಿದ್ರೆಗೆ ಬಿಡಲಿಲ್ಲ. ಕೊಬ್ಬಿನ ಬತ್ತಿಯ ವಿಷಯದಲ್ಲಿ ಕೇಳಿದವರಿದ್ದರು, ಹೇಳಿದರು. ಇದನ್ನು ಕೇಳುವವರು ಯಾರೂ ಇರಲಿಲ್ಲ.

ಬೆಳಗ್ಗೆ ದೂರವಾಣಿಯಲ್ಲಿ ಯಜಮಾನರಿಗೆ ತಿಳಿಸಿದರು. ಅವರು ಖಜಾಂಚಿಗಳನ್ನೂ ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಇಲವಾಲಕ್ಕೆ ಬಂದು, ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, ‘ಎಲ್ಲಿ?’ ಎಂದು ಕೇಳಿದರು. ತೋರಿಸಿದ ಮೇಲೂ ಕನ್ನಡಕ ಸರಿಪಡಿಸಿಕೊಂಡು ನೋಡಬೇಕಾಯಿತು.

‘ಮಳೆನೀರು ಬರುತ್ತದೆಯೇ?’

‘ಬರುವುದಿಲ್ಲ.’

‘ಗಾಳಿಗೆ ಬೀಳುತ್ತದೆಯೇ?’

‘ಇಲ್ಲ. ಆ ಪಟ್ಟಿಯೇ ಹಿಡಿದುಕೊಂಡಿರುತ್ತದೆ. ಆದರೆ ಅದು ಸರಿಯಾದ ದಳವಲ್ಲ, ಒಡೆದ ದಳ. ಬೇಡವೆಂದರೆ ಬಿಚ್ಚಿ ಬೇರೆ ಹಾಕಿಕೊಡುತ್ತೇನೆ, ಅದಕ್ಕೆ ಹಣ ಬೇಡ. ಇದೇ ನೀಲಿ ಸಿಗುವುದಿಲ್ಲ, ದಿನಕ್ಕೂ ಆಗುವುದಿಲ್ಲ.’

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಹೇಳದೆ ಇದ್ದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಈಗ ತಿಳಿದು ಹಾಕಿಸಿದರೆ ನಾಳೆ ಬಂದ ಸಮಿತಿಗೆ ನಾವು ಉತ್ತರ ಹೇಳಬೇಕು. ನಿಮ್ಮ ಭಾರವನ್ನು ನಮ್ಮ ತಲೆಗೂ ಇಟ್ಟಿರಿ’ ಎಂದರು. ಆ ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ಬೇಸರವೂ ಇತ್ತು.

ಅಂದು ಸಂಜೆಯ ಸಭೆಯಲ್ಲಿ ಒಮ್ಮತವಿರಲಿಲ್ಲ. ತರುಣ ಸದಸ್ಯರೊಬ್ಬರು ಕಿಟಕಿಯನ್ನು ಹಿಂದಿರುಗಿಸಿ ದಿನವನ್ನು ಮುಂದೂಡೋಣವೆಂದರು. ಮತ್ತೊಬ್ಬರು ಬೆಲೆಯಲ್ಲಿ ಅರ್ಧ ಕಡಿತ ಮಾಡಬೇಕೆಂದರು. ಇದೊಂದು ದೊಡ್ಡ ವಿಷಯವೇ ಎಂದು ನಕ್ಕವರೂ ಇದ್ದರು. ಹತ್ತು ಗಂಟೆಯವರೆಗೆ ಚರ್ಚೆ ನಡೆದು, ಕಿಟಕಿಯನ್ನು ಇದ್ದಂತೆಯೇ ಕೂರಿಸುವುದು, ಆದರೆ ವಿಷಯವನ್ನು ದಾಖಲೆ ಮಾಡುವುದು ಎಂದು ತೀರ್ಮಾನವಾಯಿತು. ಮೇಸ್ತ್ರಿಗಳು ತಮ್ಮ ಬಿಲ್ಲಿನಲ್ಲಿ ‘ಒಡೆದ ಗಾಜಿನ ಬಾಬ್ತು’ ಎಂದು ತಾವೇ ಎರಡು ಸಾವಿರ ರೂಪಾಯಿ ಕಳೆದಿದ್ದರು. ಯಜಮಾನರು ಪೂರ್ಣ ಹಣ ಕೊಡಬೇಕೆಂದು ಹೇಳಬಹುದೆಂದು ಕೆಲವರು ನಿರೀಕ್ಷಿಸಿದ್ದರು. ಅವರು ಹೇಳಲಿಲ್ಲ. ಕಳೆದು ಉಳಿದ ಮೊತ್ತಕ್ಕೆ ಖಜಾಂಚಿಗಳು ಚೆಕ್ ಬರೆದರು. ಮೇಸ್ತ್ರಿಗಳು ಅದನ್ನು ಸರಿಯೆಂದೇ ತೆಗೆದುಕೊಂಡರು.

ಟ್ರಸ್ಟಿನ ದಾಸ್ತಾನು ಪುಸ್ತಕದಲ್ಲಿ, ಹಿತ್ತಾಳೆಯ ದೀಪಗಳಿಗೂ ಜಮಖಾನೆಗಳಿಗೂ ನಡುವಣ ಸಾಲಿನಲ್ಲಿ, ಖಜಾಂಚಿಗಳ ದುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಬಣ್ಣದ ಗಾಜಿನ ಕಿಟಕಿ 2. ಕೈಗೆಲಸ. ರಾಳದ ಬೆಸುಗೆ. ಕಮಲದ ಕಿಟಕಿಯಲ್ಲಿ ಎಡದಿಂದ ಮೂರನೆಯ ದಳ ಬಿರುಕಿದೆ, ಮೇಲೆ ಸೀಸದ ಪಟ್ಟಿ ಹಾಕಿದೆ. ಮಾಡಿದವರು ತಿಳಿಸಿದ್ದು.’